ಶೆಡ್ ನೆಲಕ್ಕೆ ‘ಗ್ರಿಪ್ ಬ್ಲೇಡ್’ ಅಂದರೆ ನಂಬಬೇಡಿ

ದಾವಣಗೆರೆಯಲ್ಲಿ ಕಾರ್ ಶೆಡ್ಡಿಗೆ ಕಾಂಕ್ರೀಟ್ ಹಾಕಿಸುವವರು ದಯವಿಟ್ಟು ಓದಿ. ಪವರ್ ಟ್ರೋವೆಲ್ (ಬ್ಲೇಡ್ ತಿರುಗಿಸಿ ಹಸಿ ಕಾಂಕ್ರೀಟ್ ಉಜ್ಜೋ ಮಷೀನ್) ಬಾಡಿಗೆಗೆ ಕೊಡುವವನು ‘ಗ್ರಿಪ್ ಬ್ಲೇಡ್’ ಅಂತ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಡಿ. ನನಗೆ ಆ ಹೆಸರಲ್ಲಿ ಕೊಟ್ಟದ್ದು ನೆಲ ಪಾಲಿಶ್ ಮಾಡೋ ಬ್ಲೇಡ್. ಹೌದು, ಪಾಲಿಶ್ ಮಾಡೋದು!

ನಮ್ಮ ಮನೆ ನಿಟುವಳ್ಳಿ ಕಡೆ. ಶೆಡ್ಡಿನಿಂದ ರಸ್ತೆಗೆ ಇಳಿಜಾರಿದೆ, ಮಳೆಯಲ್ಲಿ ಗಾಡಿ ಒಳಗೆ ಬಂದರೆ ಟೈರಿನ ನೀರೆಲ್ಲ ನೆಲಕ್ಕೆ, ಅಪ್ಪನಿಗೆ ಬೇರೆ ಎಪ್ಪತ್ತು ದಾಟಿದೆ. ನಾನು ಕೇಳಿದ್ದು ಒಂದೇ, ಒದ್ದೆಯಾದರೂ ಜಾರಬಾರದು. ನಮ್ಮ ಮೇಸ್ತ್ರಿ ಸರಿಯಾಗೇ ಹೇಳಿದ್ದ, “ಮರದ ಹಲಗೆಯಲ್ಲಿ ಉಜ್ಜಿ ಪೊರಕೆ ಎಳೆದುಬಿಡ್ತೀನಿ ಸಾರ್.” ಆದರೆ ಮಷೀನಿನವನು ಅಲ್ಲೇ ನಿಂತಿದ್ದನಲ್ಲ. “ಪೊರಕೆ ಗೀರು ದನದ ಕೊಟ್ಟಿಗೆಗೆ ಸಾರ್. ನಿಮ್ಮಂಥವರ ಮನೆಗಾ? ನನ್ನ ಹತ್ರ ಗ್ರಿಪ್ ಬ್ಲೇಡ್ ಇದೆ, ಫಿನಿಶಿಂಗೂ ಬರುತ್ತೆ, ಜಾರೋದೂ ಇಲ್ಲ.” ಬಾಡಿಗೆ ಮೇಲೆ 600 ರೂಪಾಯಿ ಬೇರೆ.

ಮೊದಲು ಅಗಲದ ಬ್ಲೇಡ್ ಮಲಗಿಸಿ ಓಡಿಸಿದ. ಆಗ ನೆಲ ತರಿತರಿಯಾಗೇ ಇತ್ತು, ಅಲ್ಲಿಗೇ ನಿಲ್ಲಿಸಿದ್ದರೂ ಆಗ್ತಿತ್ತು. ಆಮೇಲೆ ಸಣ್ಣ ಬ್ಲೇಡ್ ಹಾಕಿ, “ಇದೇ ಸಾರ್ ಗ್ರಿಪ್ಪು” ಅಂತ ತೋರಿಸಿ, ಓರೆ ಮಾಡಿ ಗಿರಗಿರ ತಿರುಗಿಸಿದ. ಮೇಲೆ ಒಂದಿಷ್ಟು ಒಣ ಸಿಮೆಂಟೂ ಉದುರಿಸಿದ. ನೆಲ ಮಿರಮಿರ ಮಿಂಚಿತು. ಅಕ್ಕಪಕ್ಕದವರು ಬಂದು ನೋಡಿ ಹೊಗಳಿದ್ದೂ ಆಯಿತು.

ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗೋಕೆ, ಕಮ್ಮಿ ಅಂದರೂ 7 ದಿನ ನೀರು ಬಿಡಬೇಕಲ್ಲ, ಆಗಲೇ ಬಣ್ಣ ಬಯಲಾಯಿತು. ಪೈಪ್ ಹಿಡಿದಿದ್ದ ನನ್ನ ತಮ್ಮ ಸರ್ರನೆ ಜಾರಿ ಕೂತ. ಎದುರು ಮನೆ ಹುಡುಗರು ಬಿದ್ದು ಬಿದ್ದು ನಕ್ಕರು.

ಫೋನ್ ಮಾಡಿದರೆ ಅವನ ಉತ್ತರ ಕೇಳಿ. “ಹೊಸದರಲ್ಲಿ ಹಂಗೇ ಸಾರ್, ಗಾಡಿ ಓಡಾಡಿದ ಮೇಲೆ ಗ್ರಿಪ್ ಹಿಡಿಯುತ್ತೆ.” ಓಡಾಡಿದರೆ ನೆಲ ಇನ್ನೂ ಸವೆಯುತ್ತೆ ಅಲ್ವಾ? ಮತ್ತೆ ಮಾಡಿದೆ. “ಯಾವ ಚಪ್ಪಲಿ ಹಾಕ್ತೀರಿ ಸಾರ್?” ಚಪ್ಪಲಿ ಅಂತೆ ಚಪ್ಪಲಿ! ಅಂಗಡಿಗೇ ಹೋದೆ. ಆ ಗ್ರಿಪ್ ಬ್ಲೇಡ್ ಇನ್ನೊಮ್ಮೆ ತೋರಿಸಪ್ಪ ಅಂದೆ. ಕೆಲಸದ ಹುಡುಗ ಒಳಗಿಂದ ತಂದವನೇ, “ಅಣ್ಣಾ, ಫಿನಿಶಿಂಗ್ ಬ್ಲೇಡ್ ಇದೇ ತಾನೆ?” ಅಂದುಬಿಟ್ಟ. ಮೈಯೆಲ್ಲ ಉರಿದುಹೋಯಿತು. ಓನರ್ ಮುಖದಲ್ಲಿ ಒಂಚೂರೂ ನಾಚಿಕೆ ಇಲ್ಲ. “ಎರಡೂ ಒಂದೇ ಸಾರ್, ಕರೆಯೋದು ಬೇರೆ ಬೇರೆ.” ಒಂದೇ ಅಂದಮೇಲೆ 600 ಯಾತಕ್ಕೆ? ಅದಕ್ಕೆ ಉತ್ತರ ಇಲ್ಲ, ಟೀ ತರಿಸ್ತೀನಿ ಕೂರಿ ಅಂದ.

ಸ್ಟೀಲ್ ಕರಣೆಯೋ ಸ್ಟೀಲ್ ಬ್ಲೇಡೋ, ಓರೆ ಹಿಡಿದು ಉಜ್ಜಿದಷ್ಟೂ ಮೇಲ್ಪದರ ಬಿಗಿಯಾಗಿ ನುಣ್ಣಗಾಗುತ್ತೆ. ಗೋಡೌನಿಗೆ ಅದು ಸರಿ, ಒದ್ದೆಯಾಗುವ ಇಳಿಜಾರಿಗಲ್ಲ. ಮರದ ಹಲಗೆಗೇ ನಿಲ್ಲಿಸಿ. ಹಸಿ ಕಾಂಕ್ರೀಟಿನಿಂದ ಮೇಲೆ ಬಂದ ನೀರು ಆರಿದ ನಂತರ ಇಳಿಜಾರಿಗೆ ಅಡ್ಡಲಾಗಿ ಪೊರಕೆ ಎಳೆಸಿ. ತಡ ಮಾಡಿದರೆ ಗೀರೇ ಬೀಳಲ್ಲ, ನಮ್ಮೂರ ಬೇಸಿಗೆಯಲ್ಲಂತೂ ಕಾಂಕ್ರೀಟ್ ಬೇಗ ಬಿಗಿಯುತ್ತೆ, ಬೆಳಿಗ್ಗೆ ಬೇಗ ಶುರು ಮಾಡಿಸಿ. ಒಣ ಸಿಮೆಂಟ್ ಉದುರಿಸೋಕೆ ಬಿಡಲೇಬೇಡಿ, ಆ ಪದರ ಪುಡಿ ಏಳುತ್ತೆ. ನಮ್ಮ ಶೆಡ್ಡಿನ ಮೂಲೆಯಲ್ಲಿ ಆಗಲೇ ಶುರುವಾಗಿದೆ.

ಈಗ ಕಟರ್ ಹಾಕಿ ಅಡ್ಡಡ್ಡ ಗೀರು ಹೊಡೆಸಬೇಕು. ಅದು ಹೇಗೆ ಗೊತ್ತಾಯಿತೋ, ನಿನ್ನೆ ಅವನೇ ಫೋನ್ ಮಾಡಿದ್ದ. “ಕಟರೂ ನಮ್ಮಲ್ಲೇ ಇದೆ ಸಾರ್, ನಿಮಗೆ ಡಿಸ್ಕೌಂಟ್ ಮಾಡಿಕೊಡ್ತೀನಿ.”