ಪಗ್ ಅಥವಾ ಮುಧೋಳ: ಉಸಿರಾಟದ ದೃಷ್ಟಿಯಿಂದ ಒಂದು ಹೋಲಿಕೆ

ಪಗ್ ನಾಯಿಯ ಮೂತಿ ಮೊಟಕಾಗಿದ್ದರೂ ಒಳಗಿನ ಮೃದು ಅಂಗಾಂಶ ಅದಕ್ಕೆ ತಕ್ಕಷ್ಟು ಕುಗ್ಗಿರುವುದಿಲ್ಲವಾದ್ದರಿಂದ, ಕಿರಿದಾದ ಹೊಳ್ಳೆಗಳೂ ಉದ್ದವಾದ ಮೃದು ಅಂಗುಳವೂ ಗಾಳಿಯ ದಾರಿಗೆ ಅಡ್ಡಿಯಾಗುತ್ತವೆ. ಅನೇಕರು ಮುದ್ದೆಂದು ನಗುವ ಅದರ ಗೊರಕೆ ಹೆಚ್ಚಾಗಿ ಈ ಅಡಚಣೆಯದೇ ಸದ್ದು. ನಾಯಿಗಳು ಮುಖ್ಯವಾಗಿ ತೇಕುವುದರ ಮೂಲಕವೇ ಮೈಯ ಬಿಸಿಯನ್ನು ಇಳಿಸಿಕೊಳ್ಳುವ ಕಾರಣ ಕಲಬುರಗಿಯಂತಹ ಊರಿನ ಬೇಸಿಗೆ ಪಗ್‌ಗೆ ಪ್ರಾಣಾಪಾಯ ತರಬಹುದು. ಬೊಜ್ಜು ಸೇರಿದರೆ ಇನ್ನೂ ಕಷ್ಟ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ ಉದ್ದ ಮೂತಿಯಿರುವುದರಿಂದ ಈ ಬಗೆಯ ತೊಂದರೆಯಿಲ್ಲ, ಆದರೆ ಅದಕ್ಕೆ ಓಡಲು ಬಯಲು ಬೇಕು. ಫ್ಲ್ಯಾಟಿನಲ್ಲಿದ್ದು ಪಗ್ ಅನ್ನೇ ಬಯಸುವವರು ಹೊಳ್ಳೆ ಅಗಲವಾಗಿರುವ ಮರಿಯನ್ನು ಆರಿಸಿ, ಕೊರಳಪಟ್ಟಿಯ ಬದಲು ಎದೆಗೆ ಕಟ್ಟುವ ಹಾರ್ನೆಸ್ ಬಳಸುವುದು ಲೇಸು. ಯಾವ ತಳಿಯೇ ಆಗಲಿ, ನಿದ್ದೆಯಲ್ಲಿ ನಿಮಿಷಕ್ಕೆ 30ಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ನಾಲಿಗೆ ನೀಲಿಗಟ್ಟಿದರೆ ಕ್ಷಣವೂ ಕಾಯಕೂಡದು.