ಕಿರುಚಿತ್ರ ಮಾಡೋಕೆ ಬೆಂಗಳೂರಾ, ಮಲೆನಾಡಿನ ಸಾಗರದ ಕಡೆಯಾ?

ಬೆಂಗಳೂರಿನಲ್ಲಿ ಕೆಲಸ ಬೇಗ ಕಲಿಯಬಹುದು. ಕ್ಯಾಮೆರಾ, ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತವೆ. ಒಳ್ಳೆಯ ಸಿನಿಮಾ ನೋಡಿ ಚರ್ಚಿಸೋಕೆ 1971ರಲ್ಲಿ ಶುರುವಾದ ಸುಚಿತ್ರಾ ಫಿಲ್ಮ್ ಸೊಸೈಟಿ ಇದೆ. ಆದರೆ ಮನೆ ಬಾಡಿಗೆ ಕಟ್ಟೋಕೇ ಮೇಲಿಂದ ಮೇಲೆ ಮದುವೆ ವಿಡಿಯೋ ಒಪ್ಪಿಕೊಳ್ಳಬೇಕಾಗುತ್ತದೆ. ಆಮೇಲೆ ಸ್ವಂತ ಕಥೆ ಬರೆಯೋಣ ಅಂತ ಕೂತರೆ ಕಣ್ಣು ಎಳೆಯುತ್ತದೆ.

ಸಾಗರದ ಕಡೆ ಖರ್ಚು ಕಡಿಮೆ. ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ನಾಟಕ ಸಂಸ್ಥೆ ಇದೆ, ನಾಟಕದ ಗೀಳಿರುವವರು ಸುತ್ತಮುತ್ತ ಸಿಗುತ್ತಾರೆ. ಮಳೆಗಾಲ ಮಾತ್ರ ಕಷ್ಟ. ಜುಲೈನಲ್ಲಿ ಹಂಚಿನ ಮನೆಯೊಳಗೆ ಮೈಕ್ ಇಟ್ಟರೆ ಮಾತಿಗಿಂತ ಮಳೆ ಸದ್ದೇ ಜಾಸ್ತಿ. ಆಗ ಬರೆಯಿರಿ, ಎಡಿಟ್ ಮಾಡಿ. ಶೂಟಿಂಗ್ ಡಿಸೆಂಬರಿಗೆ ಇಟ್ಟುಕೊಳ್ಳಿ. ಬೆಳಿಗ್ಗೆ ತೋಟದ ಮಂಜಿನೊಳಗೆ, ಅಡಿಕೆ ಮರಗಳ ನಡುವೆ ಬಿಸಿಲು ಓರೆಯಾಗಿ ಇಳಿಯುತ್ತದೆ. ಅಂಥ ಬೆಳಕು ಬಾಡಿಗೆಗೆ ಸಿಗುತ್ತಾ, ಹೇಳಿ? ಅದು ಕೊಯ್ಲಿನ ಕಾಲ ಕೂಡ, ಊರಿನವರ ಬಿಡುವು ಕೇಳಿಯೇ ಕರೆಯಬೇಕು.

ಇನ್ನೂ ಕಲಿಯುತ್ತಿದ್ದರೆ ಒಂದೆರಡು ವರ್ಷ ಬೆಂಗಳೂರಿನಲ್ಲಿರಿ. ಎಡಿಟಿಂಗ್ ಕೈಗೆ ಹತ್ತಿದ್ದರೆ, ದೂರದಿಂದಲೇ ಕೆಲಸ ಕೊಡುವವರು ನಾಲ್ಕು ಜನ ಇದ್ದರೆ, ನಾನಂತೂ ಸಾಗರ ಅಂತಲೇ ಹೇಳುತ್ತೇನೆ. ಮನೆಗೆ ನೆಟ್ ಸರಿಯಾಗಿ ಬರುತ್ತಾ ಅಂತ ಮೊದಲು ನೋಡಿಕೊಳ್ಳಿ.