ಹಳೆ ಡಬ್ಲ್ಯೂ123 ಡೀಸೆಲ್: ತಾಮ್ರದ ಫ್ಯೂಸ್ ಸಾಕೇ, ಬ್ಲೇಡ್ ಬಾಕ್ಸ್ ಬೇಕೇ?

ಮರ್ಸಿಡಿಸ್‌ನ ಡಬ್ಲ್ಯೂ123 ಸರಣಿಯ 240ಡಿ, 300ಡಿ ಕಾರುಗಳ ಟಾರ್ಪಿಡೊ ಫ್ಯೂಸ್ (ಎರಡೂ ತುದಿ ಚೂಪಾದ, ಮೇಲೆ ಲೋಹದ ಪಟ್ಟಿಯಿರುವ ಸಣ್ಣ ಫ್ಯೂಸ್) ಸುಡದೆಯೂ ಕೈಕೊಡುತ್ತದೆ. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಕೂರುವ ಆಕ್ಸೈಡ್ ಪದರ ವಿದ್ಯುತ್ತನ್ನು ತಡೆಯುತ್ತದೆ. ಶಂಕುವಿನಾಕಾರದ ತುದಿ ಕ್ಲಿಪ್ಪಿಗೆ ತಾಗುವುದೇ ಕೂದಲೆಳೆಯಷ್ಟು. ಅಲ್ಲಿ ಬಿಸಿಯೇರಿ ಕ್ಲಿಪ್ ಬಿಗಿ ಕಳೆದುಕೊಳ್ಳುತ್ತದೆ. ಫ್ಯೂಸನ್ನು ಬೆರಳಲ್ಲಿ ತಿರುಗಿಸಿದರೆ ನಿಂತ ವೈಪರ್ ಸದ್ಯಕ್ಕೆ ಮತ್ತೆ ಓಡುತ್ತದೆ, ಅಷ್ಟೇ.

ಅದೇ ಆಕಾರದ, ತಾಮ್ರದ ಪಟ್ಟಿಯ ಫ್ಯೂಸ್ ಅಗ್ಗ, ಅರ್ಧ ಗಂಟೆಯ ಕೆಲಸ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕ್ಲಿಪ್ಪನ್ನು ಫೈಬರ್‌ಗ್ಲಾಸ್ ಬ್ರಷ್‌ನಿಂದ ಉಜ್ಜಿ, ತುಸು ಒಳಕ್ಕೆ ಬಾಗಿಸಿ ಕೂರಿಸಿ. ಬಿಳಿ ಫ್ಯೂಸ್ 8 ಆಂಪಿಯರ್, ಕೆಂಪು 16, ಅದಲುಬದಲಾಗಬಾರದು.

ಬ್ಲೇಡ್ ಬಾಕ್ಸ್ ಎಂದರೆ ಚಪ್ಪಟೆ ಕಾಲಿನ ಬ್ಲೇಡ್ ಫ್ಯೂಸ್ ಹಾಕುವ ಪೆಟ್ಟಿಗೆ. ಈ ಫ್ಯೂಸಿನ ಹಿಡಿತ ಖಂಡಿತ ಗಟ್ಟಿ, ಯಾವ ಅಂಗಡಿಯಲ್ಲೂ ಸಿಗುತ್ತದೆ. 8ಕ್ಕೆ 7.5, 16ಕ್ಕೆ 15 ಹಾಕಬೇಕು. ಆದರೆ ಪ್ರತಿ ವೈರನ್ನೂ ಗುರುತು ಹಾಕಿ ಬಿಚ್ಚಿ ಹೊಸ ಟರ್ಮಿನಲ್ ಕ್ರಿಂಪ್ ಮಾಡಬೇಕು (ಅದುಮಿ ಬಿಗಿಯಬೇಕು). ಕ್ರಿಂಪ್ ಸಡಿಲವಾದರೆ ಹಳೆಯ ರೋಗವೇ ಹೊಸ ಜಾಗಕ್ಕೆ ಬಂದಂತೆ.

ಕ್ಲಿಪ್‌ಗಳಲ್ಲಿ ಸ್ಪ್ರಿಂಗಿನಂಥ ಬಿಗಿ ಇನ್ನೂ ಇದ್ದರೆ ತಾಮ್ರವೇ ಸರಿ. ಬಾಕ್ಸಿನ ಪ್ಲಾಸ್ಟಿಕ್ ಕರಗಿದ್ದರೆ ಮಾತ್ರ ಬ್ಲೇಡ್. ಗ್ಲೋ ಪ್ಲಗ್‌ನ (ತಣ್ಣಗಿನ ಡೀಸೆಲ್ ಎಂಜಿನ್ ಹೊತ್ತಿಕೊಳ್ಳಲು ಬಿಸಿ ಮಾಡುವ ಭಾಗ) 80 ಆಂಪಿಯರ್ ಪಟ್ಟಿ ಫ್ಯೂಸ್ ಇರುವ ಕಾರಿನಲ್ಲಿ ಅದು ರಿಲೇಯಲ್ಲೇ ಇರುತ್ತದೆ; ತಣ್ಣಗಿದ್ದಾಗ ಸ್ಟಾರ್ಟ್ ಆಗದಿದ್ದರೆ ಅದರಲ್ಲಿ ಬಿರುಕಿದೆಯೇ ಎಂದು ಮೊದಲು ನೋಡಿ.